ಗುಬ್ಬಕ್ಕನ ಬಾಗಿಲು



ಕಾಗಕ್ಕ ಗುಬ್ಬಕ್ಕನ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಅಪರೂಪ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗುಬ್ಬಚ್ಚಿ ಜಂತೆಯ ಸಂದಿಯಲ್ಲಿ ಗೂಡು ಕಟ್ಟುತ್ತಿತ್ತು. ಅಜ್ಜಿ ಮೊರದಲ್ಲಿ ರಾಗಿ ಕೇರುವಾಗ ಉದುರಿದ ಕಾಳಿಗೆ ಕೆಳಗಿಳಿಯುತ್ತಿತ್ತು. ಹೀಗೆ ಜೊತೆಯಲ್ಲೇ ಬಾಳಿದ ಹಕ್ಕಿಗೆ ಅಜ್ಜಿಯರು ಕಥೆಯಲ್ಲಿ ಒಂದು ಸಂಸಾರವನ್ನೇ ಕೊಟ್ಟರು. ಒಂದು ಹಿಡಿ ಕಡಲೆಕಾಯಿಯಷ್ಟೂ ಭಾರವಿಲ್ಲದ ಗುಬ್ಬಿ ಹಂಡೆಯಲ್ಲಿ ನೀರು ಕಾಯಿಸುತ್ತದೆ, ತೊಟ್ಟಿಲು ತೂಗುತ್ತದೆ, ಬಾಗಿಲಿಗೆ ಚಿಲಕ ಹಾಕುತ್ತದೆ! ಅಷ್ಟು ದೊಡ್ಡ ಹಂಡೆಯನ್ನು ಅದು ಹೇಗೆ ಎತ್ತಿತು ಎಂದು ಯಾವ ಮಗುವೂ ಕೇಳುವುದಿಲ್ಲ. ಗುಬ್ಬಕ್ಕ ತನ್ನ ಅಮ್ಮನ ಹಾಗೆಯೇ ಎಂದು ಅದಕ್ಕೆ ಗೊತ್ತು.

ಹೇಳುವವರಿಗೆ ತಕ್ಕಂತೆ ಕಥೆ ಸ್ವಲ್ಪ ಬದಲಾಗುತ್ತದೆ. ಆದರೆ ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಗುವುದು, ಅವಳು ನೆನೆಯುತ್ತಾ ಬಂದು ಗುಬ್ಬಕ್ಕನ ಬಾಗಿಲು ತಟ್ಟುವುದು ಎಲ್ಲ ಕಡೆಯೂ ಉಂಟು. ಒಳಗಿನಿಂದ ಬರುವ ಉತ್ತರ ಒಂದೇ: ತಾಳು. ಮಗುವಿಗೆ ಸ್ನಾನ ಮಾಡಿಸಬೇಕು, ಉಣ್ಣಿಸಬೇಕು, ಮಲಗಿಸಬೇಕು.

ಪ್ರಿಯರೇ, ಗುಬ್ಬಕ್ಕ ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಎಲ್ಲವೂ ತಾಯಿಯ ಕರ್ತವ್ಯವೇ. ಆದರೂ ಬಾಗಿಲು ಮುಚ್ಚಿಯೇ ಇತ್ತು.

ಸಂತ ಲೂಕರ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಇಂಥದೇ ಒಂದು ಮನೆಯ ಕಥೆ ಹೇಳುತ್ತಾರೆ. ನಡುರಾತ್ರಿ ಗೆಳೆಯ ರೊಟ್ಟಿ ಕೇಳಿಕೊಂಡು ಬರುತ್ತಾನೆ. ಕದ ಹಾಕಿದೆ, ಮಕ್ಕಳು ಮಲಗಿದ್ದಾರೆ ಎಂದು ಒಳಗಿದ್ದವನು ಹೇಳುತ್ತಾನೆ. ಅದೂ ಸುಳ್ಳಲ್ಲ. ಬೆತ್ಲೆಹೇಮಿನಲ್ಲೂ ತುಂಬು ಗರ್ಭಿಣಿ ಮರಿಯಮ್ಮನವರನ್ನು ಯಾರೋ ಬೈದು ಅಟ್ಟಿದರೆಂದು ಲೂಕರು ಬರೆಯಲಿಲ್ಲ. ಸ್ಥಳವಿರಲಿಲ್ಲ ಎಂದಷ್ಟೇ ಬರೆದರು. ದೇವಕುಮಾರ ಹೊರಗುಳಿಯಲು ಜನರ ಕ್ರೌರ್ಯವೇ ಬೇಕಾಗಿರಲಿಲ್ಲ, ಅವರವರ ಅವಸರವೇ ಸಾಕಾಯಿತು. ಕೊನೆಗೆ ಆ ಪುಟ್ಟ ಕಂದನಿಗೆ ದನ ಮೇಯುವ ದೊಡ್ಡ ಗೋದಲಿಯೇ ತೊಟ್ಟಿಲಾಯಿತು.

ಕಾಗಕ್ಕನೂ ಸಾಧುವಲ್ಲ, ಒಳಗೆ ಬಿಟ್ಟರೆ ಕೂಡಿಟ್ಟ ಕಡಲೆಯನ್ನೆಲ್ಲ ತಿಂದುಬಿಡುತ್ತಾಳೆ ಎನ್ನುವವರಿದ್ದಾರೆ. ನಿಜ, ಕಥೆಯಲ್ಲಿ ಅದೂ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಕೂಲಿಗೆ ಹೋಗಿ ಬರಿಗೈಲಿ ಮರಳಿದವರು, ಹೊಲ ಪಾಲಾದ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರು, ಕೊಟ್ಟ ಸಾಲ ತೀರಿಸದ ನೆರೆಯವರು, ಇವರೇ ನಮ್ಮ ಬಾಗಿಲು ತಟ್ಟುವವರು. ಅವರ ಬಗ್ಗೆ ನಮಗಿರುವ ಭಯಕ್ಕೂ ಕಾರಣವಿದೆ. ಆದರೆ ದೇವರು ನಮ್ಮ ಯೋಗ್ಯತೆಯನ್ನು ವಿಚಾರಿಸಿಕೊಂಡು ಭೂಮಿಗಿಳಿದರೇ? ಇಳಿದಿದ್ದರೆ ಇಂದು ನಮಗೆ ಹಬ್ಬವೇ ಇರುತ್ತಿರಲಿಲ್ಲ.

ಇಂದು ಕಜ್ಜಾಯದ ತಟ್ಟೆಗಳನ್ನು ಮನೆಮನೆಗೆ ಕಳಿಸುವಾಗ, ನಾವು ಹೋಗುವುದನ್ನೇ ಬಿಟ್ಟಿರುವ ಆ ಒಂದು ಮನೆಗೂ ಒಂದು ತಟ್ಟೆ ಹೋಗಲಿ. ಕೆಲಸವೆಲ್ಲ ಮುಗಿದ ಮೇಲೆ ಬಾಗಿಲು ತೆಗೆಯುತ್ತೇವೆಂದರೆ ಸಂಸಾರದ ಕೆಲಸ ಎಂದಿಗೂ ಮುಗಿಯುವುದಿಲ್ಲ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಚಿಲಕ ತೆಗೆಯೋಣ. ಹೊರಗೆ ನೆನೆಯುತ್ತ ನಿಂತವರ ಜೊತೆ ಬಾಲಯೇಸುವೂ ಒಳಗೆ ಬರಲಿ. ಆಮೆನ್.