ಗಾಳದ ಆಮಿಷವೂ ನದಿಯ ಕರೆಯೂ



ಹಳ್ಳದ ದಂಡೆಯಲ್ಲಿ ಗಾಳ ಹಿಡಿದು ಕೂರುವ ಬಾಲಕನೂ ಕಡಲಿನಲ್ಲಿ ಬಲೆ ಬಿಡುವ ಮೀನುಗಾರನೂ ಒಂದೇ ವಿದ್ಯೆಯನ್ನು ಬಲ್ಲವರು. ಮೀನಿಗೆ ಏನು ಬೇಕು, ಯಾವಾಗ ಬೇಕು ಎಂಬುದನ್ನು ಅರಿಯುವುದೇ ಆ ವಿದ್ಯೆ. ಹಸಿದ ಮೀನಿಗೆ ಆಹಾರ ಬೇಕು. ಬಸುರಿ ಮೀನಿಗೆ ಮೊಟ್ಟೆಯಿಡುವ ತಾಣ ಬೇಕು. ಮರಿ ಕಾಯುವ ಮೀನಿಗೆ ಶತ್ರುವನ್ನು ಓಡಿಸಬೇಕೆಂಬ ಹಟ. ಇವುಗಳಲ್ಲಿ ಯಾವುದನ್ನು ಬಳಸಿಕೊಂಡರೂ ಅದು ಆಮಿಷವೇ. ಆದರೆ ಹಸಿವಿಗೆ ಒಡ್ಡುವ ಆಮಿಷಕ್ಕೂ ಸಂತಾನದ ಹಂಬಲಕ್ಕೆ ಒಡ್ಡುವ ಆಮಿಷಕ್ಕೂ ಅಜಗಜಾಂತರವಿದೆ. ಮೊದಲನೆಯದರಿಂದ ಒಂದು ಮೀನು ಹೋಗುತ್ತದೆ. ಎರಡನೆಯದರಿಂದ ಮುಂದಿನ ವರ್ಷದ ಮೀನೇ ಹೋಗುತ್ತದೆ.

ಮೊದಲು ಹೊಳೆಯನ್ನು ನೋಡೋಣ. ಮಳೆಗಾಲದಲ್ಲಿ ನೀರು ಕೆಂಪಾಗಿ ಕದಡಿರುವಾಗ ಮೀನಿನ ಕಣ್ಣು ಹೆಚ್ಚು ಕೆಲಸಕ್ಕೆ ಬಾರದು. ಮುರುಗೋಡಿನಂತಹ ಮೀಸೆಯ ಮೀನುಗಳು ಮೀಸೆಯಿಂದಲೇ ರುಚಿ ನೋಡಿ ಆಹಾರವನ್ನು ಗುರುತಿಸುತ್ತವೆ. ಆಗ ಎರೆಹುಳುವಿಗೆ ಸಾಟಿಯಾದ ಆಮಿಷ ಮತ್ತೊಂದಿಲ್ಲ. ಕಾರ್ತಿಕ ಕಳೆದು ನೀರು ತಿಳಿಯಾದ ಮೇಲೆ ಬೇಟೆಯಾಡುವ ಮೀನುಗಳು ಕಣ್ಣನ್ನು ನಂಬುತ್ತವೆ. ತಿರುಗುತ್ತ ಸಾಗುವ ಹೊಳಪಿನ ಲೋಹದ ಬಿಲ್ಲೆ ಅವುಗಳಿಗೆ ಮೈ ಹೊರಳಿಸಿದ ಸಣ್ಣ ಮೀನಿನಂತೆ ಕಾಣುತ್ತದೆ. ಬೇಸಿಗೆಯಲ್ಲಿ ಹರಿವು ತಗ್ಗಿ ಮೀನುಗಳೆಲ್ಲ ಗುಂಡಿಗಳನ್ನು ಸೇರುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುವುದರಿಂದ, ನಡುಹಗಲಿನಲ್ಲಿ ಅವು ಆಳದ ತಂಪಿನಲ್ಲಿ ನಿಶ್ಚಲವಾಗಿರುತ್ತವೆ. ಸಿಡಿಮದ್ದು ಮತ್ತು ಬ್ಲೀಚಿಂಗ್ ಪುಡಿಯ ದುಷ್ಕೃತ್ಯ ನಡೆಯುವುದೂ ಈ ಗುಂಡಿಗಳಲ್ಲಿಯೇ. ಗಾಳ ಒಂದನ್ನು ಹಿಡಿದು ಉಳಿದವನ್ನು ಬಿಡುತ್ತದೆ; ವಿಷ ಯಾವುದನ್ನೂ ಬಿಡುವುದಿಲ್ಲ.

ಆಮಿಷವು ಕಾಡಿನಿಂದಲೂ ಬರುತ್ತದೆ. ಮಹಶೀರ್ ಮೀನು ಏಡಿ, ಶಂಖದ ಹುಳು, ಕೀಟಗಳ ಜೊತೆಗೆ ದಂಡೆಯ ಮರಗಳಿಂದ ಉದುರುವ ಹಣ್ಣುಗಳನ್ನೂ ತಿನ್ನುತ್ತದೆ. ಕಾವೇರಿಯ ದಂಡೆಯಲ್ಲಿ ಅದಕ್ಕೆ ಬೇಯಿಸಿದ ರಾಗಿಯ ಉಂಡೆಯನ್ನೇ ಗಾಳಕ್ಕೆ ಕಟ್ಟುತ್ತಿದ್ದರು. ದಂಡೆಯ ಅತ್ತಿ, ನೇರಳೆ ಮರಗಳನ್ನು ಕಡಿದರೆ ಹೊಳೆಯ ಊಟವನ್ನೇ ಕಡಿದಂತೆ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಭಕ್ತಿಯ ಕಾವಲಿನಲ್ಲಿ ಈ ಜಾತಿಯ ಮೀನುಗಳು ಉಳಿದಿವೆ. ಆದರೂ 1996ರಲ್ಲಿ ಶಿಶಿಲದ ಮೀನುಗಳಿಗೆ ವಿಷ ಹಾಕಲಾಯಿತು. ದೇವರ ಕಾವಲಿದ್ದರೂ ಊರಿನ ಕಾವಲು ತಪ್ಪಬಾರದೆಂಬುದಕ್ಕೆ ಇದು ಸಾಕ್ಷಿ.

ಕೊರವ ಮೀನಿನ ವಿಷಯ ಇನ್ನೂ ಸೂಕ್ಷ್ಮವಾದುದು. ಮರಿಗಳು ನೀರಿನ ಮೇಲ್ಮೈಯಲ್ಲಿ ಗುಂಪಾಗಿ ತೇಲುವಾಗ ತಾಯಿ ತಂದೆಗಳು ಕೆಳಗಿನಿಂದ ಕಾಯುತ್ತಿರುತ್ತವೆ. ಆ ಗುಂಪಿನ ಮೇಲೆ ರಬ್ಬರಿನ ಕಪ್ಪೆಯನ್ನು ಎಳೆದರೆ ದೊಡ್ಡ ಮೀನು ತಪ್ಪದೆ ಎರಗುತ್ತದೆ. ಅದು ಹಸಿದು ಬಂದದ್ದಲ್ಲ, ಮರಿಗಳ ರಕ್ಷಣೆಗೆ ಬಂದದ್ದು. ಅದನ್ನು ದಡಕ್ಕೆ ಎಳೆದರೆ ಕಾವಲಿಲ್ಲದ ಮರಿಗಳು ಇತರ ಮೀನುಗಳ ಪಾಲಾಗುತ್ತವೆ. ಇದು ಅತ್ಯಂತ ಪರಿಣಾಮಕಾರಿಯಾದ ಆಮಿಷವೆಂಬುದು ನಿಜ. ಬಳಸಬಾರದ ಆಮಿಷವೆಂಬುದೂ ಅಷ್ಟೇ ನಿಜ.

ಇವೆಲ್ಲಕ್ಕಿಂತ ದೊಡ್ಡ ಆಮಿಷವನ್ನು ಒಡ್ಡುವುದು ಸ್ವತಃ ನದಿ. ಮೃಗಶಿರಾ ಮಳೆಯ ಮೊದಲ ಕೆನ್ನೀರು ಹಳ್ಳದಿಂದ ಹೊಳೆಗೆ ಇಳಿದೊಡನೆ ಹೊಳೆಯ ಮೀನು ಪ್ರವಾಹಕ್ಕೆ ಎದುರಾಗಿ ಹೊರಡುತ್ತದೆ. ತೋಡು, ಹಳ್ಳಗಳನ್ನು ಹತ್ತಿ ಗದ್ದೆಯ ಅಂಚಿನವರೆಗೂ ಬಂದು ಮೊಟ್ಟೆಯಿಡುತ್ತದೆ. ಇದೇ ಮಲೆನಾಡಿನ ಹತ್ತುಮೀನು. ಹಿಂದೆ ಬಿದಿರಿನ ಕೂಣಿ ಇಟ್ಟವರಿಗೂ ಒಂದಷ್ಟು ದೊರೆಯುತ್ತಿತ್ತು, ತಪ್ಪಿಸಿಕೊಂಡವು ಮೇಲೇರುತ್ತಿದ್ದವು. ಈಗ ನೈಲಾನ್ ಬಲೆಯನ್ನು ಹಳ್ಳದ ಆ ದಡದಿಂದ ಈ ದಡಕ್ಕೆ ಕಟ್ಟಿದರೆ ಮೊಟ್ಟೆ ತುಂಬಿದ ಒಂದು ಮೀನೂ ಮೇಲೇರುವುದಿಲ್ಲ. ಅಡಿಕೆ ತೋಟಗಳಿಗೆ ಬೋರ್ಡೋ ದ್ರಾವಣ ಹೊಡೆಯುವುದೂ ಇದೇ ಮಳೆಗಾಲದಲ್ಲಿ. ಅದರಲ್ಲಿರುವ ಮೈಲುತುತ್ತದ ತಾಮ್ರ ಮೀನಿಗೆ ವಿಷ. ಉಳಿದ ದ್ರಾವಣವನ್ನು ಚೆಲ್ಲಿ ಡ್ರಮ್ಮುಗಳನ್ನು ಹಳ್ಳದಲ್ಲಿಯೇ ತೊಳೆದರೆ, ಹತ್ತಿ ಬಂದ ಮೀನಿಗೂ ಹುಟ್ಟಲಿರುವ ಮರಿಗೂ ಉಳಿವಿಲ್ಲ.

ನದಿಯ ಈ ಕರೆ ಘಟ್ಟದ ಮೇಲಕ್ಕೆ ಮಾತ್ರವಲ್ಲ, ಕಡಲಿನ ಕಡೆಗೂ ಕೇಳುತ್ತದೆ. ಅಳಿವೆಯಲ್ಲಿ ಸಿಹಿನೀರು ಉಪ್ಪುನೀರಿನೊಡನೆ ಹದವಾಗಿ ಬೆರೆಯುವುದರಿಂದಲೇ ಸೀಗಡಿ, ನೋಗಲೆ, ಕೆಂಬೇರಿ ಅಲ್ಲಿಗೆ ಬರುತ್ತವೆ. ಭರತದ ನೀರು ಕಾಂಡ್ಲಾ ಗಿಡಗಳ ಬೇರಿನ ನಡುವೆ ಏರುವಾಗ ಜೀವಂತ ಸೀಗಡಿಯನ್ನು ಗಾಳಕ್ಕೆ ಕಟ್ಟಿದವನಿಗೆ ಕೆಂಬೇರಿ ಸಿಗುವ ಸಂಭವ ಹೆಚ್ಚು. ಈ ಹದ ಕೆಟ್ಟರೆ ಏನಾಗುವುದೆಂಬುದಕ್ಕೆ ಶರಾವತಿಯೇ ನಿದರ್ಶನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅನಂತರ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು ಎದ್ದಿತು. ವಿದ್ಯುದಾಗಾರಗಳಿಂದ ವರ್ಷವಿಡೀ ಇಳಿದು ಬರುವ ಸಿಹಿನೀರಿನಿಂದ ಅಳಿವೆಯ ಉಪ್ಪಿನಂಶ ತಗ್ಗಿ ಬಳಚು ಕ್ಷೀಣಿಸಿತು. ನೆರೆಯ ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಇಂದಿಗೂ ಬಳಚು ಆಯ್ದು ಸಂಸಾರ ನಡೆಸುವ ಕುಟುಂಬಗಳಿವೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಯನ್ನು ಸೇರಿತು. ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾಪಗಳನ್ನು ಅಳೆಯಬೇಕಾದುದು ಈ ತಕ್ಕಡಿಯಲ್ಲಿ. ಕಡಲಿಗೆ ಹೋಗುವ ನೀರು ವ್ಯರ್ಥವೆನ್ನುವವರು ಅಳಿವೆಯ ಬುಟ್ಟಿಯನ್ನು ಇಣುಕಿ ನೋಡಿದವರಲ್ಲ.

ಕಡಲಿನಲ್ಲಿಯೂ ಇದೇ ಪ್ರಶ್ನೆ ಎದುರಾಗಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಕಡಲಿಗೆ ಬಿಡುವು ಸಿಗಲೆಂದೇ. ಆದರೆ ಬಿಡುವಿನ ಫಲವನ್ನು ಹೊಸ ಆಮಿಷಗಳು ಕಬಳಿಸುತ್ತಿವೆ. ರಾತ್ರಿ ಪ್ರಖರವಾದ ಎಲ್‌ಇಡಿ ದೀಪ ಹೊತ್ತಿಸಿದರೆ ಬೆಳಕಿಗೆ ಸೂಕ್ಷ್ಮಜೀವಿಗಳೂ, ಅವನ್ನು ತಿನ್ನಲು ಸಣ್ಣ ಮೀನುಗಳೂ, ಅವುಗಳ ಹಿಂದೆ ದೊಡ್ಡ ಮೀನುಗಳೂ ಕೂಡುತ್ತವೆ. ಬಲೆ ಎತ್ತಿದಾಗ ಮರಿಗಳೂ ಅದರೊಳಗೇ. ಕೇಂದ್ರ ಸರ್ಕಾರವು 2017ರ ನವೆಂಬರಿನಲ್ಲಿ ಇದನ್ನು ನಿಷೇಧಿಸಿತು. ಇನ್ನೊಂದು ಆಮಿಷವು ನೋಡಲು ನಿರಪಾಯವೆನಿಸುತ್ತದೆ. ತೆಂಗಿನ ಗರಿ, ಹೊಂಬಾಳೆಗಳನ್ನು ಕಟ್ಟಿ, ಮರಳಿನ ಚೀಲದ ಭಾರದೊಡನೆ ಕಡಲಿನ ತಳಕ್ಕೆ ಇಳಿಸುತ್ತಾರೆ. ಕಪ್ಪೆ ಬೊಂಡಾಸ ಅದರ ಮೇಲೆ ಮೊಟ್ಟೆಯಿಡಲು ಬರುತ್ತದೆ, ಗಾಳಕ್ಕೆ ಸಿಗುತ್ತದೆ. ಅಲ್ಪಾಯುಷಿಯಾದ ಆ ಜೀವಿಗೆ ಸಂತಾನೋತ್ಪತ್ತಿಯ ಕಾಲವೇ ಬಾಳಿನ ಕೊನೆಯ ಕಾಲ. ಅದನ್ನು ಮೊಟ್ಟೆಯಿಡುವ ಮುನ್ನವೇ ಹಿಡಿದರೆ ಮುಂದಿನ ಪೀಳಿಗೆ ಬರುವುದಾದರೂ ಎಲ್ಲಿಂದ? ರಬ್ಬರಿನ ಕಪ್ಪೆಗೂ ತೆಂಗಿನ ಗರಿಗೂ ಇರುವ ದೋಷ ಒಂದೇ.

ಆದುದರಿಂದ ಮೀನು ಹಿಡಿಯಬೇಡಿರೆಂದು ಬಡವನಿಗೆ ಉಪದೇಶಿಸುವುದು ಪರಿಹಾರವಲ್ಲ. ಕಾಲವನ್ನೂ ಸಾಧನವನ್ನೂ ಊರೇ ಕುಳಿತು ನಿರ್ಧರಿಸುವುದು ಪರಿಹಾರ. ಮೊದಲ ಮಳೆಯ ಎರಡು ವಾರ ಹತ್ತುಮೀನಿಗೆ ದಾರಿ ಬಿಡಲಿ. ಕೂಣಿ ಇಟ್ಟರೂ ಹಳ್ಳದ ಅರ್ಧ ಪಾತ್ರ ತೆರೆದಿರಲಿ. ಮರಿಯೊಡನಿರುವ ಕೊರವಕ್ಕೆ ಗಾಳ ಬೀಳದಿರಲಿ. ಮೈಲುತುತ್ತದ ಡ್ರಮ್ಮು ತೋಟದಲ್ಲಿಯೇ, ಹಳ್ಳದಿಂದ ದೂರ ತೊಳೆಯಲ್ಪಡಲಿ. ಬೇಸಿಗೆಯ ಆಳವಾದ ಗುಂಡಿಗಳಿಗೆ ಊರಿನ ಕಾವಲಿರಲಿ. ವಿದ್ಯಾರ್ಥಿಗಳು ತಮ್ಮ ಹಳ್ಳದಲ್ಲಿ ಹತ್ತುಮೀನು ಬಂದ ದಿನ, ಮಳೆಯ ಪ್ರಮಾಣ, ಕಂಡ ಜಾತಿಗಳನ್ನು ವರ್ಷವರ್ಷವೂ ಬರೆದಿಡಲಿ. ನದಿ ತಿರುವಿನ ಯೋಜನೆ ಬಂದಾಗ ಗ್ರಾಮಸಭೆಯಲ್ಲಿ ಆ ಪುಸ್ತಕವೇ ಸಾಕ್ಷಿ ನುಡಿಯುತ್ತದೆ.

ಎರೆಹುಳು, ರಾಗಿಯುಂಡೆ, ಹೊಳಪಿನ ಬಿಲ್ಲೆ ಎಲ್ಲವೂ ಮೀನಿದ್ದರೆ ಮಾತ್ರ ಆಮಿಷ. ಮೀನನ್ನು ಹೊಳೆಗೆ ಕರೆತರುವ ಆಮಿಷ ಹರಿಯುವ ನೀರು. ಆ ಹರಿವು ನಿಂತರೆ ಗಾಳಕ್ಕೆ ಏನು ಕಟ್ಟಿದರೂ ವ್ಯರ್ಥ.