ಸ್ಥಳೀಯ ಸರ್ಕಾರ: ಸಂರಕ್ಷಣಶೀಲನೊಬ್ಬನ ದೃಷ್ಟಿಯಲ್ಲಿ

(ನಮ್ಮ ಸಂಘದ ಉಪನ್ಯಾಸಮಾಲೆಯಲ್ಲಿ ಮುಂಬಯಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸೇವಾನಿಯಮಗಳ ಬೇಲಿಯೊಳಗೆ ಇರುವ ಕೇಂದ್ರ ಸರ್ಕಾರದ ನೌಕರನೊಬ್ಬನನ್ನು ರಾಜಕೀಯದ ಕುರಿತು ಮಾತನಾಡಲು ಕರೆದ ನಿಮ್ಮ ಧೈರ್ಯವನ್ನು ಮೊದಲು ಮೆಚ್ಚಬೇಕು. ನಾನು ಯಾವ ಪಕ್ಷದ ಪರವಾಗಿಯೂ ವಿರೋಧವಾಗಿಯೂ ಮಾತನಾಡುವವನಲ್ಲ. ಹಾಗೆ ಮಾತನಾಡುವ ಅಗತ್ಯವೂ ಇಲ್ಲ. ಇಂದು ನಾನು ಎತ್ತಿ ಹೇಳಲಿರುವ ದೋಷಗಳಲ್ಲಿ ಎಲ್ಲ ಪಕ್ಷಗಳಿಗೂ ಸಮಪಾಲು ಇದೆ. ನನ್ನ ವಿಷಯ ಪಕ್ಷವಲ್ಲ, ಒಂದು ದೃಷ್ಟಿ. ಆ ದೃಷ್ಟಿಯಿಂದ ನಮ್ಮ ಪಂಚಾಯತಿ, ಪುರಸಭೆ, ಮಹಾನಗರಪಾಲಿಕೆಗಳು ಹೇಗೆ ಕಾಣುತ್ತವೆ ಎಂಬುದೇ ಇಂದಿನ ವಿಚಾರ.

ಈ ದೃಷ್ಟಿಗೆ ಕನ್ನಡದಲ್ಲಿ ಒಳ್ಳೆಯ ಹೆಸರಿಲ್ಲ. 'ಸಂಪ್ರದಾಯಶರಣ' ಎಂದರೆ ಯೋಚಿಸದೆ ಹಳೆಯದಕ್ಕೆ ಜೋತುಬಿದ್ದವನು ಎಂದಾಗುತ್ತದೆ. 'ಯಥಾಸ್ಥಿತಿವಾದಿ' ಎಂಬುದು ನಮ್ಮ ವಿಮರ್ಶಕರ ಬಾಯಲ್ಲಿ ಬೈಗುಳವೇ ಆಗಿಬಿಟ್ಟಿದೆ. ನಾನು 'ಸಂರಕ್ಷಣಶೀಲ' ಎಂಬ ಪದವನ್ನು ಬಳಸುತ್ತೇನೆ. ಕೈಗೆ ಬಂದ ಸಂಸ್ಥೆಯನ್ನು ಕಿತ್ತೊಗೆಯುವ ಮೊದಲು ಅದು ಏಕೆ ಹಾಗಿದೆ ಎಂದು ವಿಚಾರಿಸುವವನು, ತಿದ್ದಲು ಸಾಧ್ಯವಿರುವುದನ್ನು ಕೆಡವದವನು, ಅಧಿಕಾರ ಜನರ ಕಣ್ಣಳತೆಯಲ್ಲಿಯೇ ಇರಲೆಂದು ಬಯಸುವವನು ಸಂರಕ್ಷಣಶೀಲ. 1790ರಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಕುರಿತು ಬರೆದ ಎಡ್ಮಂಡ್ ಬರ್ಕ್ ಈ ಮನೋಧರ್ಮದ ಹಿರಿಯ. 1831ರಲ್ಲಿ ಅಮೆರಿಕವನ್ನು ಸುತ್ತಿ ಅಲ್ಲಿನ ಊರಸಭೆಗಳನ್ನು ಸ್ವಾತಂತ್ರ್ಯದ ಪಾಠಶಾಲೆಗಳೆಂದು ಬಗೆದ ಟಾಕ್‌ವಿಲ್ ಇನ್ನೊಬ್ಬ. ನಮ್ಮ ದೇಶದಲ್ಲಿ 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದ ರಾಜಾಜಿಯವರು ಎಲ್ಲ ಅಧಿಕಾರವೂ ಮೇಲಕ್ಕೆ ಹರಿದು ಅಲ್ಲಿಂದ ಲೈಸೆನ್ಸು ಪರ್ಮಿಟ್ಟುಗಳಾಗಿ ಕೆಳಕ್ಕೆ ತೊಟ್ಟಿಕ್ಕುವ ವ್ಯವಸ್ಥೆಯನ್ನು ವಿರೋಧಿಸಿದರು. ಕನ್ನಡದಲ್ಲಿ 'ರಾಜ್ಯಶಾಸ್ತ್ರ'ವನ್ನು ಬರೆದು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಡಿ.ವಿ.ಜಿ.ಯವರನ್ನು ಈ ಸಾಲಿನಲ್ಲಿ ನೆನೆಯದೆ ಇರಲಾಗದು. ಮತದಾರನಿಗೆ ಮತ ಕೊಟ್ಟರೆ ಸಾಲದು, ಅವನು ರಾಜ್ಯವ್ಯವಹಾರವನ್ನು ಅರಿತವನೂ ಆಗಬೇಕು ಎಂಬುದು ಅವರ ಜೀವಮಾನದ ಕಾಳಜಿಯಾಗಿತ್ತು.

ಈ ದೃಷ್ಟಿಯವನು ನಮ್ಮ ತವರುನಾಡಿನ ಸ್ಥಳೀಯ ಸರ್ಕಾರದ ಚರಿತ್ರೆಯನ್ನು ತಿರುವಿದರೆ ಅವನಿಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಹೆಮ್ಮೆಗೆ ಕಾರಣಗಳು ಕಡಿಮೆಯಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿಯೇ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಒಂದು ಶತಮಾನದ ಅನಂತರ, 1983ರಲ್ಲಿ, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ ಪಂಚಾಯತಿ ಕಾಯಿದೆ ಇಡೀ ದೇಶದ ಗಮನವನ್ನು ಸೆಳೆಯಿತು. ರಾಷ್ಟ್ರಪತಿಗಳ ಅಂಕಿತಕ್ಕೆ ಎರಡು ವರ್ಷ ಕಾದು, 1987ರಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಅಸ್ತಿತ್ವಕ್ಕೆ ಬಂದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ದೊರೆಯಿತು. ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಾಯಿತು. 1993ರ ಸಂವಿಧಾನ ತಿದ್ದುಪಡಿ ಇಡೀ ದೇಶಕ್ಕೆ ವಿಧಿಸಿದ್ದರಲ್ಲಿ ಎಷ್ಟೋ ಅಂಶ ಕರ್ನಾಟಕದಲ್ಲಿ ಆರು ವರ್ಷ ಮೊದಲೇ ಆಚರಣೆಯಲ್ಲಿತ್ತು.

ಇನ್ನು ಸಂಕಟದ ಮಾತು. ಜಿಲ್ಲೆಯಲ್ಲಿ ಅಧಿಕಾರವುಳ್ಳ ಹೊಸ ಮುಖವೊಂದು ಮೂಡಿದೊಡನೆ ಶಾಸಕರಿಗೆ ತಮ್ಮ ನೆಲ ಕುಸಿದಂತಾಯಿತು. ನಜೀರ್ ಸಾಬ್ ಅವರು 1988ರಲ್ಲಿ ತೀರಿಕೊಂಡರು. 1989ರಲ್ಲಿ ಸರ್ಕಾರ ಬದಲಾಯಿತು. 1992ರಲ್ಲಿ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಮಂಡಲ ಪಂಚಾಯತಿ ಎಂಬ ಘಟಕವೇ ಅಳಿದು, 1993ರ ಹೊಸ ಕಾಯಿದೆಯಲ್ಲಿ ಗ್ರಾಮ ಪಂಚಾಯತಿ ಎಂಬ ಬೇರೆ ಘಟಕ ಬಂದಿತು. ಹೊಸ ಕಾಯಿದೆಯಲ್ಲಿ ಒಳ್ಳೆಯ ಅಂಶಗಳಿಲ್ಲವೆಂದಲ್ಲ. ಗ್ರಾಮ ಪಂಚಾಯತಿ ಚುನಾವಣೆ ಪಕ್ಷಗಳ ಚಿಹ್ನೆಯಿಲ್ಲದೆ ನಡೆಯಬೇಕೆಂಬ ಕಟ್ಟಳೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಚಿಹ್ನೆಯಿಲ್ಲದಿದ್ದರೂ ಪಕ್ಷ ಇದ್ದೇ ಇರುತ್ತದೆ ಎಂದು ನೀವು ನಗಬಹುದು. ಇರಲಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವುದಕ್ಕೂ ಚಪ್ಪಲಿ ಹಾಕಿಕೊಂಡೇ ಬರುವುದಕ್ಕೂ ವ್ಯತ್ಯಾಸವಿದೆ. 1978ರಿಂದ ಪಕ್ಷದ ಚಿಹ್ನೆಯ ಮೇಲೆಯೇ ಪಂಚಾಯತಿ ಚುನಾವಣೆ ನಡೆದಿರುವ ಪಶ್ಚಿಮ ಬಂಗಾಳದಲ್ಲಿ ಆಳುವ ಪಕ್ಷ ಬದಲಾದರೂ ಊರಿನ ಮೇಲೆ ಪಕ್ಷದ ಹಿಡಿತ ಸಡಿಲವಾಗಲಿಲ್ಲ. 2018ರ ಚುನಾವಣೆಯಲ್ಲಿ ಸುಮಾರು ಮೂರನೆಯ ಒಂದು ಭಾಗದ ಸ್ಥಾನಗಳಿಗೆ ಸ್ಪರ್ಧೆಯೇ ಇರಲಿಲ್ಲ.

ಆದರೆ ಪ್ರತಿ ಪೀಳಿಗೆಯೂ ಅಡಿಪಾಯದಿಂದಲೇ ಮನೆಯನ್ನು ಹೊಸದಾಗಿ ಕಟ್ಟುತ್ತ ಹೋದರೆ ಅದರಲ್ಲಿ ಯಾರೂ ಬಾಳುವುದಿಲ್ಲ. 1959ರಲ್ಲಿ ಒಂದು ಕಾಯಿದೆ, 1983ರಲ್ಲಿ ಇನ್ನೊಂದು, 1993ರಲ್ಲಿ ಮತ್ತೊಂದು. ಬೆಂಗಳೂರಿಗೆ 2007ರಲ್ಲಿ ಬೃಹತ್ ಮಹಾನಗರಪಾಲಿಕೆ, ಅದಕ್ಕಾಗಿಯೇ 2020ರಲ್ಲಿ ಒಂದು ಪ್ರತ್ಯೇಕ ಕಾಯಿದೆ. 2025ರಲ್ಲಿ ಅದನ್ನೂ ಒಡೆದು ಐದು ಪಾಲಿಕೆಗಳು. ಒಂದೊಂದು ಬದಲಾವಣೆಗೂ ಕಾರಣಗಳಿದ್ದುವು, ಒಪ್ಪೋಣ. ಆದರೆ ಬೆಂಗಳೂರಿನ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಆ ಮಹಾನಗರಕ್ಕೆ ಒಬ್ಬ ನಗರಸಭಾ ಸದಸ್ಯನೂ ಇರಲಿಲ್ಲ. 2016ರಲ್ಲಿ ಚುನಾಯಿತವಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಬಳಿಕವೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಒಂದರ ಹಿಂದೆ ಒಂದು ಕಾರಣ ದೊರೆಯುತ್ತಲೇ ಹೋಯಿತು. ಈ ಅವಧಿಯಲ್ಲಿ ವಿಧಾನಸೌಧದಲ್ಲಿ ಒಂದಕ್ಕಿಂತ ಹೆಚ್ಚು ಪಕ್ಷಗಳು ಆಳಿವೆ ಎಂಬುದನ್ನು ಮಾತ್ರ ನೆನಪಿಸಿ ಮುಂದುವರಿಯುತ್ತೇನೆ.

ನಾವಿರುವ ಈ ಮುಂಬಯಿಯ ಉದಾಹರಣೆ ಇದಕ್ಕೆ ಒಂದು ಬಗೆಯಲ್ಲಿ ವಿರುದ್ಧವಾದುದು. ಇಲ್ಲಿನ ಮಹಾನಗರಪಾಲಿಕೆ ಇಂದಿಗೂ 1888ರ ಕಾಯಿದೆಯಂತೆ ನಡೆಯುತ್ತಿದೆ. ಫಿರೋಜ್‌ಶಾ ಮೆಹತಾ ಅವರಂಥ ಪ್ರಾಜ್ಞರ ದುಡಿಮೆ ಅದರ ಹಿಂದಿದೆ. ಎಷ್ಟೋ ಬಾರಿ ತಿದ್ದಿದ್ದಾರೆ, ಆದರೆ ಎಸೆದಿಲ್ಲ. ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸಿದ ಕಮಿಷನರರ ಕೈಯಲ್ಲಿ, ಹಣದ ಮೇಲಿನ ಹತೋಟಿ ಚುನಾಯಿತ ಸಭೆ ಮತ್ತು ಸ್ಥಾಯೀ ಸಮಿತಿಯ ಕೈಯಲ್ಲಿ: ಇದು ಅದರ ಮೂಲತತ್ತ್ವ. ಪೂರ್ಣ ಸ್ವರಾಜ್ಯವಲ್ಲ, ಪರಕೀಯ ಆಳ್ವಿಕೆಯ ಕಾಲದ ಒಂದು ರಾಜಿ. ಆದರೂ ಒಬ್ಬರು ಖರ್ಚು ಮಾಡಬೇಕಾದರೆ ಇನ್ನೊಬ್ಬರು ಒಪ್ಪಬೇಕು ಎಂಬ ಶಿಸ್ತು ಅದರಲ್ಲಿದೆ.

ಇಂಥ ಕಾಯಿದೆಯೂ ತನ್ನನ್ನು ತಾನು ಕಾಪಾಡಿಕೊಳ್ಳಲಾರದು. 2017ರಲ್ಲಿ ಚುನಾಯಿತವಾದ ಸಭೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಈ ಮಧ್ಯಕಾಲದಲ್ಲಿ ಕಮಿಷನರರೇ ಆಡಳಿತಾಧಿಕಾರಿ. ಮುಂಗಡಪತ್ರವನ್ನು ಮಂಡಿಸಿದವರೂ ಅವರೇ, ಮಂಜೂರು ಮಾಡಿದವರೂ ಅವರೇ. ನಾನು ವೃತ್ತಿಯಿಂದ ಲೆಕ್ಕಪತ್ರಗಳ ಮನುಷ್ಯ. ಬಿಲ್ಲು ಬರೆದವನೇ ಅದನ್ನು ಪಾಸು ಮಾಡುವ ವ್ಯವಸ್ಥೆಯಲ್ಲಿ ಅಧಿಕಾರಿ ಎಷ್ಟೇ ಪ್ರಾಮಾಣಿಕನಾಗಿರಲಿ, ವ್ಯವಸ್ಥೆ ಪ್ರಾಮಾಣಿಕವಲ್ಲ.

ಸಂವಿಧಾನದ 243-ಇ ಮತ್ತು 243-ಯು ವಿಧಿಗಳು ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸ್ಪಷ್ಟವಾಗಿ ಹೇಳುತ್ತವೆ. 2006ರಲ್ಲಿ ಅಹಮದಾಬಾದಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ವಿಧಾನಸಭೆಯ ಚುನಾವಣೆ ಹೀಗೆ ನಾಲ್ಕು ವರ್ಷ ನಿಂತಿದ್ದರೆ ದೇಶವೇ ಬೀದಿಗಿಳಿಯುತ್ತಿತ್ತು. ಪಾಲಿಕೆಯ ಚುನಾವಣೆ ನಿಂತರೆ ನಾವು ಕಸದ ಗಾಡಿ ಬಂದಿತೇ ಎಂದು ಮಾತ್ರ ನೋಡುತ್ತೇವೆ.

ಇನ್ನು ಹಣದ ಮಾತು. ತೆರಿಗೆ ಹಾಕುವ ಕೈಯೂ ಖರ್ಚು ಮಾಡುವ ಕೈಯೂ ಒಂದೇ ಆಗಿದ್ದರೆ ಮಾತ್ರ ಹೊಣೆಗಾರಿಕೆ ಉಳಿಯುತ್ತದೆ ಎಂಬುದು ಸಂರಕ್ಷಣಶೀಲನ ಹಳೆಯ ನಂಬಿಕೆ. ರಿಸರ್ವ್ ಬ್ಯಾಂಕು 2024ರಲ್ಲಿ ಪ್ರಕಟಿಸಿದ ವರದಿಯಂತೆ ಪಂಚಾಯತಿಗಳ ಆದಾಯದಲ್ಲಿ ಸ್ವಂತ ತೆರಿಗೆಯ ಪಾಲು ಸುಮಾರು ಶೇ. 1; ಶೇ. 95ರಷ್ಟು ಮೇಲಿನಿಂದ ಬರುವ ಅನುದಾನ. ನಗರಗಳ ಸ್ಥಿತಿಯೂ ಬೇರೆಯಲ್ಲ: ದೇಶದ ಎಲ್ಲ ನಗರಾಡಳಿತ ಸಂಸ್ಥೆಗಳ ವರಮಾನ ಸೇರಿ ಒಟ್ಟು ದೇಶೀಯ ಉತ್ಪನ್ನದ ಶೇ. 1ರ ಸುಮಾರಿನಲ್ಲಿಯೇ ನಿಂತಿದೆ ಎಂದು ಅದೇ ಬ್ಯಾಂಕು 2022ರಲ್ಲಿ ತಿಳಿಸಿತ್ತು. ಮುಂಬಯಿಯ ಪಾಲಿಕೆಗೆ ಆಕ್ಟ್ರಾಯ್ ದೊಡ್ಡ ಆಸರೆಯಾಗಿತ್ತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಅದು ಹೋಗಿ, ಅದರ ಸ್ಥಾನದಲ್ಲಿ ರಾಜ್ಯದ ಖಜಾನೆಯಿಂದ ಬರುವ ಪರಿಹಾರ ನಿಂತಿತು. ನಾಕಾದಲ್ಲಿ ಲಾರಿಗಳ ಸಾಲು ಕರಗಿತು, ಅದು ಸಂತೋಷವೇ. ಆದರೆ ದೇಶದ ಅತ್ಯಂತ ಸಿರಿವಂತ ಪಾಲಿಕೆಯೂ ಕೈಚಾಚುವವರ ಸಾಲಿಗೆ ಸೇರಿತು. 2022ರಲ್ಲಿ 500 ಚದರ ಅಡಿಯವರೆಗಿನ ಮನೆಗಳಿಗೆ ರಾಜ್ಯ ಸರ್ಕಾರ ಆಸ್ತಿ ತೆರಿಗೆಯನ್ನು ಮನ್ನಾ ಮಾಡಿತು. ಈ ಸಭೆಯಲ್ಲಿಯೂ ಅದರ ಫಲಾನುಭವಿಗಳು ಇರಬಹುದು, ಅವರು ನನ್ನನ್ನು ಕ್ಷಮಿಸಲಿ. ದಾನ ಮಾಡಿದ ಪುಣ್ಯ ರಾಜ್ಯಕ್ಕೆ, ಹಣ ಹೋದದ್ದು ಪಾಲಿಕೆಯದು. ತೆರಿಗೆ ಕೊಡದವನಿಗೆ ಲೆಕ್ಕ ಕೇಳುವ ಹಕ್ಕಿಲ್ಲವೆಂದಲ್ಲ. ಕೇಳಬೇಕೆನ್ನುವ ಚುರುಕು ಕಡಿಮೆಯಾಗುತ್ತದೆ.

1993ನೆಯ ಇಸವಿಯ ಒಂದು ವೈಚಿತ್ರ್ಯವನ್ನು ಇಲ್ಲಿ ಹೇಳಬೇಕು. ಆ ವರ್ಷದ ಏಪ್ರಿಲಿನಲ್ಲಿ ಪಂಚಾಯತಿಗಳಿಗೆ ಸಂವಿಧಾನದ ಸ್ಥಾನ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ ಸದಸ್ಯರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ ಆರಂಭವಾಯಿತು. ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿಯಿಂದ ಮೊದಲಾದ ಈ ನಿಧಿ 2011ರಲ್ಲಿ ವರ್ಷಕ್ಕೆ 5 ಕೋಟಿಗೆ ಏರಿತು. ಶಾಸಕರಿಗೂ ಇಂಥ ನಿಧಿಗಳು ಬಂದವು. ಶಾಸನ ಮಾಡಬೇಕಾದವನು ಬಸ್ ತಂಗುದಾಣಕ್ಕೆ ತನ್ನ ಹೆಸರು ಬರೆಸುತ್ತಾನೆ. ತಂಗುದಾಣ ಕಟ್ಟಬೇಕಾದ ಪಂಚಾಯತಿ ಸದಸ್ಯ ಅವನ ಹಿಂದೆ ಹಾರ ಹಿಡಿದು ನಿಲ್ಲುತ್ತಾನೆ. ನ್ಯಾಯಾಲಯ 2010ರಲ್ಲಿ ಈ ಯೋಜನೆಯನ್ನು ಎತ್ತಿಹಿಡಿದಿದೆ. ಆ ತೀರ್ಪಿಗೆ ನಾನು ತಲೆಬಾಗುತ್ತೇನೆ. ಆದರೆ ಕಾನೂನಿಗೆ ಸಮ್ಮತವಾದುದೆಲ್ಲ ವಿವೇಕಕ್ಕೂ ಸಮ್ಮತವಾಗಬೇಕೆಂದಿಲ್ಲ.

ಸ್ಥಳೀಯ ಸಂಸ್ಥೆಗಳಲ್ಲಿ ಭ್ರಷ್ಟಾಚಾರವಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಧಾರಾಳವಾಗಿಯೇ ಇದೆ. ಆದರೆ ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವವರುಂಟೇ? ಕಳ್ಳತನಕ್ಕೆ ಮದ್ದು ಲೆಕ್ಕಪರಿಶೋಧನೆ, ಗ್ರಾಮಸಭೆ, ಮುಂದಿನ ಚುನಾವಣೆ. ಅವುಗಳನ್ನೇ ತಪ್ಪಿಸಿದ ಮೇಲೆ ಉಳಿಯುವುದು ಮೇಲಿನವರ ಕೃಪೆಯೊಂದೇ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಒಂದಿದೆ. ಅದನ್ನು ಎತ್ತಿದವರು ಡಾ. ಅಂಬೇಡ್ಕರ್. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅವರು ಹಳ್ಳಿಯನ್ನು ವೈಭವೀಕರಿಸುವವರನ್ನು ಕಟುವಾಗಿ ಖಂಡಿಸಿದರು. ಹಳ್ಳಿ ಎಂಬುದು ಸಂಕುಚಿತ ಬುದ್ಧಿಯ, ಅಜ್ಞಾನದ, ಜಾತೀಯತೆಯ ಬೀಡು ಎಂಬುದು ಅವರ ವಾದವಾಗಿತ್ತು. ಅದೇ ತಿಂಗಳು ಪಂಚಾಯತಿಗಳ ಕುರಿತ ವಿಧಿಯೊಂದು ನಿರ್ದೇಶಕ ತತ್ತ್ವಗಳಲ್ಲಿ ಸೇರಿದರೂ ಅವರ ಪ್ರಶ್ನೆ ಅಳಿಯಲಿಲ್ಲ. ಸಂರಕ್ಷಣಶೀಲರು ಈ ಪ್ರಶ್ನೆಯನ್ನು ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಉತ್ತರಮೇರೂರಿನ ಚೋಳ ಶಾಸನವನ್ನೂ ನಮ್ಮ ಅಗ್ರಹಾರಗಳ ಮಹಾಜನರನ್ನೂ ತೋರಿಸಿ ನಮ್ಮಲ್ಲಿ ಪ್ರಜಾಪ್ರಭುತ್ವ ಸಾವಿರ ವರ್ಷದ ಹಿಂದೆಯೇ ಇತ್ತೆಂದು ಹೇಳಿಕೊಂಡರು. ಆ ಸಭೆಗಳಲ್ಲಿ ಭೂಮಿಯಿಲ್ಲದವನಿಗೆ, ಹೆಣ್ಣಿಗೆ, ಊರ ಹೊರಗಿನ ಕೇರಿಯವನಿಗೆ ಸ್ಥಾನವಿರಲಿಲ್ಲ ಎಂಬುದನ್ನು ಹೇಳಲಿಲ್ಲ.

ಹಾಗಾದರೆ ಸಂರಕ್ಷಿಸಬೇಕಾದದ್ದು ಯಾವುದು? ನನ್ನ ಉತ್ತರ ಇಷ್ಟು. ಹಳೆಯ ಹಳ್ಳಿಯ ಶ್ರೇಣಿಯನ್ನಲ್ಲ. 1987ರಿಂದ, 1993ರಿಂದ ನಮ್ಮ ಕಣ್ಣೆದುರಿಗೇ ಬೆಳೆದಿರುವ ಪರಂಪರೆಯನ್ನು. ಪರಿಶಿಷ್ಟ ಜಾತಿಯ ಹೆಣ್ಣುಮಗಳೊಬ್ಬಳು ಅಧ್ಯಕ್ಷಳ ಕುರ್ಚಿಯಲ್ಲಿ ಕುಳಿತು ಸಭೆಯ ನಡವಳಿ ಪುಸ್ತಕಕ್ಕೆ ಸಹಿ ಹಾಕುವುದು ಮೂರು ದಶಕಗಳಿಂದ ನಡೆದು ಬಂದ ರೂಢಿ. ಎಷ್ಟೋ ಕಡೆ ಅವಳ ಗಂಡ ಹಿಂದೆ ನಿಂತು ಸಹಿ ಹಾಕಿಸಿದ್ದಾನೆ, ನಿಜ. ಎಷ್ಟೋ ಕಡೆ ಅವಳೇ ಓದಿ, ಪ್ರಶ್ನಿಸಿ ಸಹಿ ಹಾಕಿದ್ದಾಳೆ, ಅದೂ ನಿಜ. ರೂಢಿಯನ್ನು ಗೌರವಿಸುವವನು ಈ ರೂಢಿಯನ್ನೂ ಗೌರವಿಸಬೇಕು. ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಿದಾಗ ಮೊದಲು ಖಾಲಿಯಾಗುವುದು ಅವಳ ಕುರ್ಚಿ. ಊರ ಗೌಡನಿಗೂ ಶಾಸಕನ ಆಪ್ತನಿಗೂ ಕುರ್ಚಿಯಿಲ್ಲದೆಯೇ ಕೆಲಸವಾಗುತ್ತದೆ.

ಬಂಧುಗಳೆ, ನಾವು ಹೊರನಾಡ ಕನ್ನಡಿಗರು. ತವರಿನಲ್ಲಿ ನಮಗೆ ಮತವಿಲ್ಲ, ಇಲ್ಲಿ ನಮಗೆ ಸಂಖ್ಯಾಬಲವಿಲ್ಲ. ದೊಡ್ಡ ರಾಜಕಾರಣದಲ್ಲಿ ನಮ್ಮ ಧ್ವನಿ ಕೇಳಿಸುವುದು ಕಷ್ಟ, ವಾರ್ಡಿನಲ್ಲಿ ಹಾಗಲ್ಲ. ಮುಂಬಯಿ ಪಾಲಿಕೆ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆ. ಆ ಕನ್ನಡ ಶಾಲೆಗೆ ಶಿಕ್ಷಕರಿದ್ದಾರೆಯೇ, ಮಕ್ಕಳು ಕಡಿಮೆಯಾದರೆಂದು ಕೊಠಡಿಗಳು ಬೇರೆಯವರ ಪಾಲಾಗುತ್ತಿವೆಯೇ ಎಂದು ಕೇಳಬೇಕಾದದ್ದು ವಾರ್ಡಿನ ಸದಸ್ಯನನ್ನು. ಅವನು ಕೇಳಬೇಕಾದದ್ದು ಪಾಲಿಕೆಯ ಶಿಕ್ಷಣ ಸಮಿತಿಯಲ್ಲಿ. ಸಭೆಯೇ ಇಲ್ಲದ ಆ ವರ್ಷಗಳಲ್ಲಿ ನಮ್ಮ ಮನವಿಪತ್ರಗಳಿಗೆ ದೊರೆತದ್ದು ಕಚೇರಿಯ ಠಸ್ಸೆ ಮಾತ್ರ. ಈಗ ಚುನಾಯಿತ ಸಭೆ ಮತ್ತೆ ಬಂದಿದೆ. ಗೆದ್ದವರು ಯಾವ ಪಕ್ಷದವರೆಂಬ ಚರ್ಚೆಯನ್ನು ಪತ್ರಿಕೆಗಳಿಗೆ ಬಿಡೋಣ. ನಮ್ಮ ಸಂಘದ ಪರವಾಗಿ ನಾಲ್ಕು ಜನ ಹೋಗಿ ನಮ್ಮ ವಾರ್ಡಿನ ಸದಸ್ಯರನ್ನು ಕಂಡು, ಶಾಲೆಯ ಲೆಕ್ಕವನ್ನು ಕೇಳೋಣ. ಊರಿಗೆ ಹೋದಾಗ ನಮ್ಮ ಅಣ್ಣತಮ್ಮಂದಿರನ್ನು, 'ಯಾರು ಗೆದ್ದರು' ಎಂದು ಕೇಳುವ ಮೊದಲು, 'ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಿತೇ, ಗ್ರಾಮಸಭೆ ಸೇರಿತೇ' ಎಂದು ಕೇಳೋಣ.