ಗರ್ಭಿಣಿಯ ಬಳಿಗೆ ತಂಬಾಕು ಬರುವ ದಾರಿಗಳು



ಗರ್ಭಿಣಿ ಮತ್ತು ಧೂಮಪಾನ ಎಂಬ ವಿಷಯ ಕೇಳಿದೊಡನೆ, "ನಮ್ಮ ಹೆಂಗಸರು ಸಿಗರೇಟು ಸೇದುವುದಿಲ್ಲವಲ್ಲ, ಇದು ನಮಗೇಕೆ?" ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಮಾತು ಬಹುಮಟ್ಟಿಗೆ ನಿಜ. 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಧೂಮಪಾನ ಮಾಡುವ ವಯಸ್ಕ ಮಹಿಳೆಯರು ನೂರಕ್ಕೆ 2 ಮಾತ್ರ. ಆದರೆ ಹೊಗೆಯಿಲ್ಲದ ತಂಬಾಕು ಬಳಸುವವರು ನೂರಕ್ಕೆ ಸುಮಾರು 13. ಗಂಡ ಸೇದಿ ಬಿಟ್ಟ ಹೊಗೆಯನ್ನು ದಿನವೂ ಉಸಿರಾಡುವವರು ಈ ಎರಡೂ ಲೆಕ್ಕಕ್ಕೆ ಸೇರಿಲ್ಲ.

ಇದರಿಂದ ಮಗುವಿಗೆ ಏನಾಗುತ್ತದೆ? ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮಗುವಿಗೆ ಸಿಗಬೇಕಾದ ಉಸಿರೂ ಆಹಾರವೂ ಕಡಿಮೆಯಾಗುತ್ತವೆ. ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕ, ಕೆಲವೊಮ್ಮೆ ಗರ್ಭದಲ್ಲೇ ಸಾವು ಸಂಭವಿಸುತ್ತದೆ. ಜಗಿಯುವ ತಂಬಾಕೇನೂ ಕಡಿಮೆಯಲ್ಲ. ಮುಂಬಯಿಯ ಗರ್ಭಿಣಿಯರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸಿದ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಎರಡೂವರೆ ಕಿಲೋ ತೂಗಬೇಕಾದ ಮಗುವಿಗೆ ಇದು ಸಣ್ಣ ನಷ್ಟವಲ್ಲ.

ಹಾಗಾದರೆ ತಪ್ಪು ತಾಯಿಯದೇ? ಸ್ವಲ್ಪ ಯೋಚಿಸಿ. ಬೆಳಗಿನಿಂದ ದುಡಿಯುವ ಬಡ ಹೆಣ್ಣುಮಗಳು ಹಸಿವು ಮರೆಯಲು ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುತ್ತಾಳೆ. ಹಲ್ಲುನೋವಿಗೆ ಕಡ್ಡಿಪುಡಿ ಒಳ್ಳೆಯದೆಂದು ಮನೆಯ ಹಿರಿಯರೇ ಕಲಿಸಿರುತ್ತಾರೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಬೀಡಿಯ ಸಂಪಾದನೆಯಿಂದ. ಅಲ್ಲಿ ಗರ್ಭಿಣಿಯೂ ಗೆರಸೆ ಮಡಿಲಲ್ಲಿಟ್ಟುಕೊಂಡು ತಂಬಾಕಿನ ಪುಡಿಯ ನಡುವೆ ಕೂರುತ್ತಾಳೆ. ಸೇದುವ ಗಂಡನಿಗೆ "ಹೊರಗೆ ಹೋಗಿ" ಎನ್ನುವ ಧೈರ್ಯ ಹೊಸದಾಗಿ ಬಂದ ಸೊಸೆಗೆ ಎಲ್ಲಿಂದ ಬರಬೇಕು? ಬಡತನ, ಓದಿನ ಕೊರತೆ, ಚಿಕ್ಕ ವಯಸ್ಸಿನ ಮದುವೆ, ಮನೆಯಲ್ಲಿ ಮಾತಿಗೆ ಬೆಲೆಯಿಲ್ಲದಿರುವುದು, ಇವೇ ತಂಬಾಕು ಅವಳ ಬಳಿಗೆ ಬರುವ ದಾರಿಗಳು. ಇಂಗ್ಲೆಂಡಿನಂತಹ ಶ್ರೀಮಂತ ದೇಶದಲ್ಲೂ ಗರ್ಭಾವಸ್ಥೆಯಲ್ಲಿ ಸೇದುವವರು ಬಡ ಪ್ರದೇಶಗಳಲ್ಲಿ, ಎಳೆಯ ತಾಯಂದಿರಲ್ಲೇ ಹೆಚ್ಚು. ಆದ್ದರಿಂದ ಅವಳನ್ನು ಬೈದು ಪ್ರಯೋಜನವಿಲ್ಲ. ಬೈದರೆ ಅವಳು ಡಾಕ್ಟರ ಮುಂದೆಯೂ ಅಭ್ಯಾಸವನ್ನು ಮುಚ್ಚಿಡುತ್ತಾಳೆ, ಅಷ್ಟೆ.

2008ರ ಅಕ್ಟೋಬರ್ 2ರಂದು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು ದೇಶದಾದ್ಯಂತ ಜಾರಿಗೆ ಬಂದವು. ಆ ಕಾನೂನು ನಮ್ಮ ಮನೆಯ ಹೊಸ್ತಿಲು ದಾಟಿ ಬರುವುದಿಲ್ಲ. ಮನೆಯೊಳಗಿನ ನಿಯಮವನ್ನು ನಾವೇ ಮಾಡಬೇಕು.

ವಿದ್ಯಾರ್ಥಿಗಳೇ, ಈ ಕೆಲಸ ನಿಮ್ಮಿಂದಲೇ ಶುರುವಾಗಲಿ. ನಿಮ್ಮ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಸುರಿಯಾಗಿದ್ದರೆ, ಅವಳು ಹೇಳಲಾಗದ ಮಾತನ್ನು ನೀವು ಹೇಳಿ. ಅಣ್ಣನೊಡನೆ, ಭಾವನೊಡನೆ ಗೌರವದಿಂದಲೇ ಮಾತಾಡಿ. ಕಿಟಕಿ ತೆರೆದು ಸೇದಿದರೂ ಹೊಗೆ ಒಳಗೇ ಉಳಿಯುತ್ತದೆಂದು ತಿಳಿಸಿ. ಬೀಡಿ ಕಟ್ಟುವ ಮನೆಯಾದರೆ, ಆ ಒಂಬತ್ತು ತಿಂಗಳು ಗೆರಸೆಯನ್ನು ಬೇರೆಯವರು ತೆಗೆದುಕೊಳ್ಳಲಿ. ಅದು ಆಗದ ಮನೆಯಲ್ಲಿ ಕೆಲಸ ಗಾಳಿಯಾಡುವ ಜಗಲಿಯಲ್ಲಿ ನಡೆಯಲಿ, ಕೈ ತೊಳೆಯದೆ ಅನ್ನ ಮುಟ್ಟುವುದು ಬೇಡ. ತಂಬಾಕು ಬಿಡಲು ಸಹಾಯ ಬೇಕಾದವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ದೂರವಾಣಿ ಇದೆ. ಗರ್ಭಿಣಿಯರು ಔಷಧಿಯನ್ನಾಗಲಿ ನಿಕೋಟಿನ್ ಗಮ್ಮನ್ನಾಗಲಿ ಡಾಕ್ಟರನ್ನು ಕೇಳದೆ ಬಳಸಬಾರದು.

"ಐದು ತಿಂಗಳಾಯಿತು, ಇನ್ನು ಬಿಟ್ಟು ಏನು ಫಲ?" ಎನ್ನಬೇಡಿ. ಬೇಗ ಬಿಟ್ಟಷ್ಟೂ ಒಳ್ಳೆಯದು, ಆದರೆ ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭವಿದೆ. ಹುಟ್ಟಲಿರುವ ಮಗು ತನ್ನ ಪರವಾಗಿ ಮಾತಾಡಲಾರದು, ಎಷ್ಟೋ ಸಲ ಅದರ ತಾಯಿಯೂ ಮಾತಾಡಲಾರಳು. ಓದಿದ ನಾವು ಮಾತಾಡೋಣ.